ಆಟೊಮೇಶನ್ ಟೆಕ್ನಿಷಿಯನ್ ಕೋರ್ಸ್: ಕಾಲೇಜಿನ ಲ್ಯಾಬ್ ನೋಡಲು ಹೋದಾಗ ಏನನ್ನು ಗಮನಿಸಬೇಕು?

ಹೊಸತಂತಿ:

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಒಂದು ಪ್ಯಾಕಿಂಗ್ ಲೈನ್‌ನಲ್ಲಿ ಎಲೆಕ್ಟ್ರಿಕಲ್ ಹೆಲ್ಪರ್ ಆಗಿದ್ದೇನೆ. ಕೇಬಲ್ ಎಳೆಯುತ್ತೇನೆ, ಲಗ್ ಹೊಡೆಯುತ್ತೇನೆ, ಕಾಂಟ್ಯಾಕ್ಟರ್ ಬದಲಾಯಿಸುತ್ತೇನೆ, ಮೋಟರ್ ಕನೆಕ್ಷನ್ ಕೊಡುತ್ತೇನೆ. ಪಿಎಲ್‌ಸಿ (ಮೆಷಿನ್ ನಡೆಸುವ ಸಣ್ಣ ಕಂಪ್ಯೂಟರ್) ಇರುವ ಪ್ಯಾನಲ್ ಬಂತು ಅಂದರೆ ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಕಂಟ್ರೋಲ್ಸ್ ಟೆಕ್ನಿಷಿಯನ್‌ಗೆ ಫೋನ್ ಮಾಡಿ ಕಾಯಬೇಕು.

ಹೋದ ತಿಂಗಳು ನೈಟ್ ಶಿಫ್ಟ್‌ನಲ್ಲಿ ಲೈನ್ ನಿಂತಿತು. ನಾನು, ಆಪರೇಟರ್ ಇಬ್ಬರೂ ಒಂದೂವರೆ ಗಂಟೆ ಒದ್ದಾಡಿದೆವು. ಮೋಟರ್ ನೋಡಿದೆ, ಓವರ್‌ಲೋಡ್ ನೋಡಿದೆ, ಫ್ಯೂಸ್ ನೋಡಿದೆ. ಎಲ್ಲ ಸರಿ ಇತ್ತು. ಟೆಕ್ನಿಷಿಯನ್ ಬಂದವರು ಲ್ಯಾಪ್‌ಟಾಪ್ ಬ್ಯಾಗ್ ತೆರೆಯಲೇ ಇಲ್ಲ. ಸೆನ್ಸರ್, ಬಟನ್‌ಗಳ ತಂತಿ ಪಿಎಲ್‌ಸಿಗೆ ಬಂದು ಸೇರುವ ಇನ್‌ಪುಟ್ ಕಾರ್ಡಿನ ಮೇಲಿರುವ ಸಣ್ಣ ಹಸಿರು ಲೈಟ್‌ಗಳನ್ನು ಅರ್ಧ ನಿಮಿಷ ನೋಡಿದರು. ಡ್ರಾಯಿಂಗ್ ತೆಗೆದು ಒಂದು ನಂಬರಿನ ಮೇಲೆ ಬೆರಳಿಟ್ಟರು. ಸೀದಾ ಹೋಗಿ ಕನ್ವೇಯರ್ ಕೆಳಗಿದ್ದ ಫೋಟೋ ಸೆನ್ಸರ್‌ನ ಗಾಜನ್ನು ಬಟ್ಟೆಯಲ್ಲಿ ಒರೆಸಿದರು. ಲೈನ್ ಓಡಿತು.

ಅವರಿಗೆ ಗೊತ್ತಿರುವುದು ನನಗೂ ಗೊತ್ತಾಗಬೇಕು. ಅದಕ್ಕೇ ಎರಡು ವರ್ಷದ ಇಂಡಸ್ಟ್ರಿಯಲ್ ಆಟೊಮೇಶನ್ ಕೋರ್ಸ್ ಸೇರಬೇಕು ಅಂತಿದ್ದೇನೆ. ಎರಡು ಕಾಲೇಜು ಕಣ್ಣಮುಂದಿವೆ. ಮೊದಲನೆಯದರಲ್ಲಿ ಹೊಸ ಕಟ್ಟಡ, ರೋಬೋಟ್ ತೋಳು, ಸಾಲಾಗಿ ಕಂಪ್ಯೂಟರ್, ಎಲ್ಲದರಲ್ಲೂ ಸಿಮ್ಯುಲೇಶನ್. ಎರಡನೆಯದು ಹಳೇ ಕಾಲೇಜು. ಅಲ್ಲಿ ರಿಲೇ (ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್) ಬೋರ್ಡ್, ಗಾಳಿಯ ಒತ್ತಡದಲ್ಲಿ ಓಡುವ ನ್ಯೂಮ್ಯಾಟಿಕ್ ಸಿಲಿಂಡರ್, ಒಂದು ನೀರಿನ ಟ್ಯಾಂಕ್ ಇವೆ ಅಂತ ಕೇಳಿದ್ದೇನೆ. ಇವೆರಡೂ ಬೇಡ, ಮೂರು ತಿಂಗಳ ಪಿಎಲ್‌ಸಿ ಕೋರ್ಸ್ ಮಾಡು ಸಾಕು ಅಂತ ಗೆಳೆಯನೊಬ್ಬ ಹೇಳುತ್ತಿದ್ದಾನೆ. ನನಗೆ ಲೆಕ್ಕ ಅಂದರೆ ಸ್ವಲ್ಪ ಭಯ, ಅದನ್ನೂ ಹೇಳಿಬಿಡುತ್ತೇನೆ. ಮುಂದಿನ ವಾರ ಎರಡೂ ಕಡೆ ಲ್ಯಾಬ್ ನೋಡಲು ಬಿಡುತ್ತಾರೆ. ಹೋದಾಗ ಏನು ನೋಡಲಿ? ಏನು ಕೇಳಲಿ?

ಪ್ಯಾನಲ್‌ಬಾಗಿಲು:

ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಆ ಟೆಕ್ನಿಷಿಯನ್ ಏನು ಮಾಡಿದರು ಅಂತ ನೀವು ಹಂತ ಹಂತವಾಗಿ ಗಮನಿಸಿದ್ದೀರಿ. ಲೈಟ್ ನೋಡಿದರು, ಡ್ರಾಯಿಂಗ್ ನೋಡಿದರು, ಆಮೇಲೆ ಸೆನ್ಸರ್ ಹತ್ತಿರ ಹೋದರು. ಈ ಕೆಲಸದ ಮುಕ್ಕಾಲು ಭಾಗ ಅದೇ. 16 ವರ್ಷ ಪ್ಲಾಂಟ್‌ನಲ್ಲಿ ದುಡಿದೆ. ಈಗ 6 ವರ್ಷದಿಂದ ಒಂದು ತಾಂತ್ರಿಕ ಕಾಲೇಜಿನಲ್ಲಿ ಇದನ್ನೇ ಕಲಿಸುತ್ತಿದ್ದೇನೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಲ್ಯಾಬಿಗೆ ಹೋದಾಗ ಯಾವ ಕಂಪನಿಯ ಪಿಎಲ್‌ಸಿ ಇದೆ ಅಂತ ಕೇಳಬೇಡಿ. "ಇಲ್ಲಿ ಫಾಲ್ಟ್ ಯಾರು ಹಾಕುತ್ತಾರೆ?" ಅಂತ ಕೇಳಿ. ಒಳ್ಳೆಯ ಲ್ಯಾಬಿನಲ್ಲಿ ಬೆಂಚಿನ ಹಿಂದೆ ಬೀಗ ಹಾಕಿದ ಒಂದು ಡಬ್ಬ ಇರುತ್ತದೆ. ಅದರೊಳಗೆ ಸಣ್ಣ ಸಣ್ಣ ಸ್ವಿಚ್‌ಗಳು. ಮೇಷ್ಟ್ರು ಒಂದು ಸ್ವಿಚ್ ಒತ್ತಿದರೆ ಎಲ್ಲೋ ಒಂದು ತಂತಿ ಕಡಿದಂತೆ ಆಗುತ್ತದೆ. ವಿದ್ಯಾರ್ಥಿ ಕೈಯಲ್ಲಿ ಮೀಟರ್, ಡ್ರಾಯಿಂಗ್ ಎರಡೇ. ಹುಡುಕಬೇಕು. ಆ ಡಬ್ಬ ಇಲ್ಲದಿದ್ದರೂ ಪರವಾಗಿಲ್ಲ. ಮೇಷ್ಟ್ರು ಸ್ಕ್ರೂಡ್ರೈವರ್ ಹಿಡಿದು ಟರ್ಮಿನಲ್ ಸಡಿಲ ಮಾಡಿ ಫಾಲ್ಟ್ ಹಾಕುವ ಅಭ್ಯಾಸ ಇದ್ದರೆ ಸಾಕು. ಎಲ್ಲವೂ ಸರಿ ಇರುವ ಮೆಷಿನ್ ಮುಂದೆ ಎರಡು ವರ್ಷ ಕೂತರೆ ಕಲಿಯುವುದು ಕಡಿಮೆ. ಕೆಲಸಕ್ಕೆ ಸೇರಿದ ಮೇಲೆ ನಿಮ್ಮನ್ನು ಕರೆಯುವುದೇ ಕೆಟ್ಟು ನಿಂತ ಮೆಷಿನ್ ಹತ್ತಿರ, ಅಲ್ವಾ?

ಒಂದು ಉದಾಹರಣೆ ಹೇಳುತ್ತೇನೆ. ಮೊದಲ ಸೆಮಿಸ್ಟರ್‌ನಲ್ಲಿ ಸ್ಟಾರ್ಟ್, ಸ್ಟಾಪ್ ಬಟನ್ ಇಟ್ಟು ಮೋಟರ್ ಓಡಿಸುವ ಪಾಠ. ಪ್ರತಿ ವರ್ಷ ಇಬ್ಬರೋ ಮೂವರೋ ಸ್ಟಾಪ್ ಬಟನ್‌ಗೆ ಎನ್‌ಒ ಕಾಂಟ್ಯಾಕ್ಟ್ (ಒತ್ತಿದಾಗ ಮಾತ್ರ ಸೇರುವುದು) ಹಾಕುತ್ತಾರೆ. ಪ್ರೋಗ್ರಾಮನ್ನೂ ಅದಕ್ಕೆ ಸರಿಯಾಗಿ ಬರೆಯುತ್ತಾರೆ. ಸ್ಟಾರ್ಟ್ ಒತ್ತಿದರೆ ಮೋಟರ್ ಓಡುತ್ತದೆ, ಸ್ಟಾಪ್ ಒತ್ತಿದರೆ ನಿಲ್ಲುತ್ತದೆ. "ಸರ್, ಆಯಿತು" ಅನ್ನುತ್ತಾರೆ. ನಾನು ಮೋಟರ್ ನಿಲ್ಲಿಸಿ, ಸಪ್ಲೈ ತೆಗೆದು, ಸ್ಟಾಪ್ ಬಟನ್‌ನ ಒಂದು ತಂತಿ ಬಿಚ್ಚಿ, ಮತ್ತೆ ಆನ್ ಮಾಡಿಸುತ್ತೇನೆ. ಸ್ಟಾರ್ಟ್ ಒತ್ತು ಅನ್ನುತ್ತೇನೆ. ಓಡುತ್ತದೆ. ಈಗ ನಿಲ್ಲಿಸು ಅನ್ನುತ್ತೇನೆ. ಒತ್ತುತ್ತಾರೆ, ಮತ್ತೆ ಮತ್ತೆ ಒತ್ತುತ್ತಾರೆ. ಮೋಟರ್ ನಿಲ್ಲುವುದಿಲ್ಲ. ಪಕ್ಕದ ಬೆಂಚಿನವರೂ ಎದ್ದು ಬಂದು ನೋಡುತ್ತಾರೆ. ಆಮೇಲೆ ಎನ್‌ಸಿ (ಒತ್ತಿದಾಗ ಬಿಟ್ಟುಕೊಳ್ಳುವುದು) ಹಾಕಿಸಿ ಅದೇ ತಂತಿ ಬಿಚ್ಚುತ್ತೇನೆ. ಈ ಸಲ ಮೋಟರ್ ಸ್ಟಾರ್ಟೇ ಆಗುವುದಿಲ್ಲ. ತಂತಿ ಕಡಿದರೆ ಮೆಷಿನ್ ನಿಲ್ಲಬೇಕು, ಓಡುತ್ತಲೇ ಇರಬಾರದು. ಈ ಮಾತನ್ನು ಬೋರ್ಡ್ ಮೇಲೆ ಎಷ್ಟು ಸಲ ಬರೆದರೂ ಈ ಹತ್ತು ನಿಮಿಷಕ್ಕೆ ಸಮ ಆಗುವುದಿಲ್ಲ.

ಇದರಲ್ಲೇ ಇನ್ನೊಂದು ಗಂಟು ಇದೆ. ಹೊರಗೆ ಎನ್‌ಸಿ ಬಟನ್ ಹಾಕಿದರೆ, ಒತ್ತದೇ ಇರುವಾಗ ಇನ್‌ಪುಟ್‌ಗೆ 24 ವೋಲ್ಟ್ ಬರುತ್ತಲೇ ಇರುತ್ತದೆ. ಅದಕ್ಕೆ ಲ್ಯಾಡರ್‌ನಲ್ಲಿ, ಅಂದರೆ ಏಣಿಯಂತೆ ಕಾಣುವ ಪಿಎಲ್‌ಸಿ ಪ್ರೋಗ್ರಾಮ್‌ನಲ್ಲಿ, ಎನ್‌ಒ ಚಿಹ್ನೆ ಹಾಕಬೇಕು. ಎಲ್ಲರೂ ಇಲ್ಲಿ ಒಂದು ವಾರ ತಡವರಿಸುತ್ತಾರೆ. ತಂತಿಯನ್ನು ಕೈಯಲ್ಲಿ ಹಿಡಿದು ಮೀಟರ್ ಇಟ್ಟವರು ಬೇಗ ಬಿಡಿಸಿಕೊಳ್ಳುತ್ತಾರೆ. ಎಮರ್ಜೆನ್ಸಿ ಸ್ಟಾಪ್ ಕಥೆ ಬೇರೆ. ಅದು ಸೇಫ್ಟಿ ರಿಲೇ ಅಥವಾ ಸೇಫ್ಟಿ ಪಿಎಲ್‌ಸಿ ಮೂಲಕ ಹೋಗಬೇಕು, ಮಾಮೂಲಿ ಇನ್‌ಪುಟ್ ಒಂದನ್ನೇ ನಂಬಬಾರದು. ಇದನ್ನು ಯಾವ ಸೆಮಿಸ್ಟರ್‌ನಲ್ಲಿ ಕಲಿಸುತ್ತಾರೆ ಅಂತಲೂ ಕೇಳಿ.

ರಿಲೇ ಬೋರ್ಡ್ ಇದೆ ಅಂದ ಮಾತ್ರಕ್ಕೆ ಕಾಲೇಜು ಹಿಂದೆ ಬಿದ್ದಿದೆ ಅಂದುಕೊಳ್ಳಬೇಡಿ. 1968ರಲ್ಲಿ ಜನರಲ್ ಮೋಟರ್ಸ್ ತನ್ನ ರಿಲೇ ಪ್ಯಾನಲ್‌ಗಳ ಬದಲಿಗೆ ಬೇರೆ ಏನಾದರೂ ಬೇಕು ಅಂತ ಕೇಳಿತು. ಆಗ ಡಿಕ್ ಮಾರ್ಲಿ ಮತ್ತು ಅವರ ಜೊತೆಯವರು ಮಾಡಿಕೊಟ್ಟಿದ್ದು ಮೋಡಿಕಾನ್ 084. ರಿಲೇ ಡ್ರಾಯಿಂಗ್ ಓದಿ ಅಭ್ಯಾಸ ಇದ್ದ ಎಲೆಕ್ಟ್ರಿಷಿಯನ್‌ಗಳಿಗೆ ಅರ್ಥವಾಗಲಿ ಅಂತ ಪ್ರೋಗ್ರಾಮನ್ನೂ ಅದೇ ರೂಪದಲ್ಲಿ ಇಟ್ಟರು. ಇವತ್ತಿನ ಲ್ಯಾಡರ್ ಅಲ್ಲಿಂದ ಬಂದದ್ದು. ಕಾಂಟ್ಯಾಕ್ಟರ್‌ನ 13-14ರಿಂದ ಹೋಲ್ಡಿಂಗ್ ಕೊಟ್ಟು (ಸ್ಟಾರ್ಟ್ ಬಟನ್ ಬಿಟ್ಟರೂ ಮೋಟರ್ ಓಡುತ್ತಲೇ ಇರುವಂತೆ ಮಾಡಿ) ಗೊತ್ತಿರುವ ನಿಮಗೆ ಲ್ಯಾಡರ್‌ನ ಮೊದಲ ಪಾಠ ಆಗಲೇ ಅರ್ಧ ಬಂದಿದೆ.

ಲೆಕ್ಕದ ಭಯ ಇಟ್ಟುಕೊಳ್ಳಬೇಡಿ. ದಿನಾ ಬೇಕಾಗುವುದು ಹೀಗಿರುತ್ತದೆ. ಪ್ರೆಶರ್ ಟ್ರಾನ್ಸ್‌ಮಿಟರ್ 0ಯಿಂದ 10 ಬಾರ್ ಅಳೆಯುತ್ತದೆ, 4ರಿಂದ 20 ಮಿಲಿಆಂಪ್ ಕಳಿಸುತ್ತದೆ. ಮೀಟರ್ 13.6 ತೋರಿಸಿತು. ಅದರಲ್ಲಿ 4 ಕಳೆದರೆ 9.6. ಅದನ್ನು 16ರಿಂದ ಭಾಗಿಸಿದರೆ 0.6. ಅದನ್ನು 10ರಿಂದ ಗುಣಿಸಿದರೆ 6 ಬಾರ್. ಕಳೆಯುವುದು, ಭಾಗಿಸುವುದು, ಗುಣಿಸುವುದು, ಅಷ್ಟೇ. 0 ಬಿಟ್ಟು 4ರಿಂದ ಯಾಕೆ ಶುರು ಅಂತ ತಲೆಗೆ ಬಂದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ. ಪ್ರೆಶರ್ ಸೊನ್ನೆ ಇದ್ದರೂ ತಂತಿಯಲ್ಲಿ 4 ಹರಿಯುತ್ತಿರುತ್ತದೆ. ಮೀಟರ್‌ನಲ್ಲಿ 0 ಬಂತು ಅಂದರೆ ತಂತಿ ಕಡಿದಿದೆ, ಇಲ್ಲವೇ ಸಪ್ಲೈ ಹೋಗಿದೆ. ಇದೂ ಸ್ಟಾಪ್ ಬಟನ್‌ನದೇ ಯೋಚನೆ, ನೋಡಿ.

ಮೂರು ತಿಂಗಳ ಕೋರ್ಸ್ ಬಗ್ಗೆ ಒಂದೇ ಮಾತು. ಆಗಲೇ ಫೀಲ್ಡ್‌ನಲ್ಲಿ ಇನ್‌ಸ್ಟ್ರುಮೆಂಟ್ ಕೆಲಸ ಮಾಡುತ್ತಿರುವವರಿಗೆ ಅದು ಉಪಯೋಗ. ನಿಮಗೆ ಡ್ರೈವ್ (ಮೋಟರ್ ವೇಗ ಬದಲಿಸುವ ಸಾಧನ), ಸೆನ್ಸರ್, ನ್ಯೂಮ್ಯಾಟಿಕ್ಸ್, ಡ್ರಾಯಿಂಗ್ ಎಲ್ಲ ಬೇಕು. ಒಂದು ಸಾಫ್ಟ್‌ವೇರ್ ಕಲಿತರೆ ಅದು ತುಂಬುವುದಿಲ್ಲ.

ಸ್ಕ್ಯಾನ್‌ಟೈಮ್:

ಸರ್ ಹೇಳಿದ್ದರಲ್ಲಿ ಫಾಲ್ಟ್ ವಿಷಯ ನೂರಕ್ಕೆ ನೂರು ಸರಿ. ಆದರೆ ಮೊದಲನೇ ಕಾಲೇಜನ್ನು ಸುಮ್ನೆ ತಳ್ಳಿಹಾಕಬೇಡಿ. ನಾನು ಎರಡನೇ ತರಹದ ಕಾಲೇಜಿನಿಂದ ಬಂದವನು. ಮೀಟರ್ ಹಿಡಿಯಲು ಭಯ ಇರಲಿಲ್ಲ, ಲ್ಯಾಪ್‌ಟಾಪ್ ತೆಗೆಯಲು ಭಯ. ಈಗಿನ ಪ್ಲಾಂಟ್‌ನಲ್ಲಿ ಡ್ರೈವ್, ಎಚ್‌ಎಂಐ (ಆಪರೇಟರ್ ಮುಂದಿನ ಸ್ಕ್ರೀನ್), ರಿಮೋಟ್ ಐಒ (ಪಿಎಲ್‌ಸಿಯಿಂದ ದೂರ ಇಟ್ಟ ಇನ್‌ಪುಟ್, ಔಟ್‌ಪುಟ್ ಕಾರ್ಡ್) ಎಲ್ಲ ನೆಟ್‌ವರ್ಕ್ ಮೇಲೆ ಇರುತ್ತವೆ. ಒಂದೇ ಐಪಿ ಅಡ್ರೆಸ್ ಎರಡು ಡಿವೈಸ್‌ಗೆ ಬಿದ್ದರೆ ಇಡೀ ಲೈನ್ ವಿಚಿತ್ರವಾಗಿ ಆಡುತ್ತದೆ. ಅದನ್ನು ಮಲ್ಟಿಮೀಟರ್ ಹಿಡಿದು ಹುಡುಕಲು ಆಗುವುದಿಲ್ಲ.

ನನಗೆ ಆದದ್ದು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಎರಡನೇ ತಿಂಗಳು ಒಂದು ಮೆಷಿನ್‌ನ ಪ್ರೋಗ್ರಾಮ್ ನೋಡಲು ಹೋದೆ. ಪಿಎಲ್‌ಸಿಯಿಂದ ಲ್ಯಾಪ್‌ಟಾಪ್‌ಗೆ ತರುವುದು ಅಪ್‌ಲೋಡ್, ಲ್ಯಾಪ್‌ಟಾಪ್‌ನಿಂದ ಪಿಎಲ್‌ಸಿಗೆ ಹಾಕುವುದು ಡೌನ್‌ಲೋಡ್. ಫೋನಿನಲ್ಲಿ ನಮಗೆ ಅಭ್ಯಾಸ ಆಗಿರುವುದಕ್ಕೆ ಇದು ಉಲ್ಟಾ ಅನ್ನಿಸುತ್ತದೆ. ನಾನು ಡೌನ್‌ಲೋಡ್ ಒತ್ತಿದೆ. ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು ಒಂದು ವರ್ಷ ಹಳೆಯ ಕಾಪಿ. ಆ ವರ್ಷದಲ್ಲಿ ಆಪರೇಟರ್‌ಗಳು, ಹಿರಿಯರು ಸೇರಿ ಸರಿ ಮಾಡಿದ್ದ ಟೈಮರ್ ವ್ಯಾಲ್ಯೂಗಳೆಲ್ಲ ಹೋದವು. ಯಾರ ಹತ್ತಿರವೂ ಹೊಸ ಬ್ಯಾಕಪ್ ಇರಲಿಲ್ಲ. ಮೂರು ದಿನ ಮೆಷಿನ್ ಪಕ್ಕ ನಿಂತು ಒಂದೊಂದೇ ಟೈಮರ್ ಮತ್ತೆ ಸೆಟ್ ಮಾಡಿದೆವು. ಇವತ್ತಿಗೂ ಆನ್‌ಲೈನ್ ಹೋಗುವ ಮೊದಲು ಪಿಎಲ್‌ಸಿಯಲ್ಲಿ ಇರುವುದನ್ನು ಬೇರೆ ಹೆಸರಿನಲ್ಲಿ, ತಾರೀಖು ಹಾಕಿ ಉಳಿಸಿಕೊಳ್ಳದೆ ಒಂದು ಬಿಟ್ ಕೂಡ ಮುಟ್ಟುವುದಿಲ್ಲ.

ಅದಕ್ಕೆ ಎರಡೂ ಕಾಲೇಜಿನಲ್ಲಿ ಕೇಳಿ. ಬ್ಯಾಕಪ್ ತೆಗೆಯುವುದು, ಬದಲಾವಣೆ ಬರೆದಿಡುವುದು ಕಲಿಸುತ್ತೀರಾ? ವಿದ್ಯಾರ್ಥಿಯೇ ಐಪಿ ಅಡ್ರೆಸ್ ಕೊಟ್ಟು ಒಂದು ಡ್ರೈವನ್ನು ಪಿಎಲ್‌ಸಿಗೆ ಜೋಡಿಸುತ್ತಾನಾ, ಇಲ್ಲಾ ಆಗಲೇ ಜೋಡಿಸಿಟ್ಟದ್ದನ್ನು ಓಡಿಸುತ್ತಾನಾ?

ಪ್ಯಾನಲ್‌ಬಾಗಿಲು:

ಒಪ್ಪಿದೆ. ನಾನು ಬರೆಯುವಾಗ ಆ ಕಡೆ ಕಡಿಮೆ ನೋಡಿದೆ. ಸಿಮ್ಯುಲೇಶನ್ ಕೂಡ ಕೆಟ್ಟದ್ದಲ್ಲ. ಲಾಜಿಕ್ ಅಭ್ಯಾಸಕ್ಕೆ ಅದು ತುಂಬಾ ಒಳ್ಳೆಯದು, ತಪ್ಪು ಮಾಡಿದರೆ ಏನೂ ಸುಡುವುದಿಲ್ಲ. ಕೋಡೆಸಿಸ್ ಅನ್ನುವ ಪಿಎಲ್‌ಸಿ ಸಾಫ್ಟ್‌ವೇರನ್ನು ಮನೆಯಲ್ಲೇ ಹಾಕಿಕೊಂಡು ಪುಕ್ಕಟೆ ಕಲಿಯಬಹುದು. ಪಿಎಲ್‌ಸಿ ಪ್ರೋಗ್ರಾಮ್ ಭಾಷೆಗಳಿಗೆ ಐಇಸಿ 61131-3 ಅಂತ 1993ರಲ್ಲಿ ಬಂದ ಸ್ಟ್ಯಾಂಡರ್ಡ್ ಇದೆ. ಲ್ಯಾಡರ್, ಫಂಕ್ಷನ್ ಬ್ಲಾಕ್, ಸ್ಟ್ರಕ್ಚರ್ಡ್ ಟೆಕ್ಸ್ಟ್ ಎಲ್ಲ ಅದರಲ್ಲಿ ಬರುತ್ತವೆ. ಒಂದು ಕಡೆ ಚೆನ್ನಾಗಿ ಕಲಿತರೆ ಇನ್ನೊಂದು ಕಂಪನಿಯ ಸಾಫ್ಟ್‌ವೇರ್‌ಗೆ ಹೋಗುವುದು ಕಷ್ಟ ಆಗುವುದಿಲ್ಲ.

ಆದರೆ ಕೆಲವು ವಿಷಯಕ್ಕೆ ನಿಜವಾದ ಸಾಮಾನೇ ಬೇಕು. ವಿಎಫ್‌ಡಿ, ಅಂದರೆ ಮೋಟರ್ ಡ್ರೈವನ್ನೇ ತೆಗೆದುಕೊಳ್ಳಿ. 400 ವೋಲ್ಟ್ ಸಪ್ಲೈ ಕೊಟ್ಟರೆ ಒಳಗಿನ ಡಿಸಿ ಬಸ್‌ನಲ್ಲಿ ಸುಮಾರು 565 ವೋಲ್ಟ್ ಇರುತ್ತದೆ. ಮೇನ್ ಆಫ್ ಮಾಡಿದರೂ ಕೆಪಾಸಿಟರ್‌ನಲ್ಲಿ ಅದು ಸ್ವಲ್ಪ ಹೊತ್ತು ಉಳಿಯುತ್ತದೆ. ಡ್ರೈವ್ ಮೇಲೆ ಎಷ್ಟು ನಿಮಿಷ ಕಾಯಬೇಕು ಅಂತ ಬರೆದಿರುತ್ತದೆ. ಅಷ್ಟು ಕಾಯಬೇಕು, ಆಮೇಲೆ ಡಿಸಿ ಟರ್ಮಿನಲ್‌ನಲ್ಲಿ ಅಳೆದೇ ಕೈ ಹಾಕಬೇಕು. ಅಳೆಯುವ ಮೊದಲು ಮೀಟರನ್ನು ಸಪ್ಲೈ ಇದೆ ಅಂತ ಗೊತ್ತಿರುವ ಒಂದು ಕಡೆ ಇಟ್ಟು ನೋಡಬೇಕು. ಅಳೆದ ಮೇಲೆ ಮತ್ತೆ ಅಲ್ಲಿಯೇ ಇಟ್ಟು ನೋಡಬೇಕು. ನಡುವೆ ಮೀಟರೇ ಕೆಟ್ಟಿದ್ದರೆ ಅದು ತೋರಿಸುವ ಸೊನ್ನೆ ನಿಮ್ಮ ಜೀವಕ್ಕೆ ಅಪಾಯ. ಲ್ಯಾಬಿಗೆ ಹೋದಾಗ, ಕೆಲಸ ಮಾಡುವಾಗ ಯಾರೂ ಸಪ್ಲೈ ಆನ್ ಮಾಡದಂತೆ ಹಾಕುವ ವಿದ್ಯಾರ್ಥಿಗಳ ಬೀಗ, ಟ್ಯಾಗ್ ಎಲ್ಲಿ ನೇತುಹಾಕಿದ್ದಾರೆ ನೋಡಿ. ಬೀಗಗಳ ಮೇಲೆ ಗೀರು ಇದ್ದರೆ ಬಳಸುತ್ತಿದ್ದಾರೆ ಅಂತ.

ಮಿಲಿಆಂಪ್:

ನಾನು ಪ್ರೋಸೆಸ್ ಕಡೆಯವಳು, ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಆಗಿ 9 ವರ್ಷ. ತಮ್ಮಾ, ಆ ನೀರಿನ ಟ್ಯಾಂಕ್ ಅಂದೆಯಲ್ಲ, ಅದರ ಹತ್ತಿರ ಹೋಗಿ ನೋಡು. ಟ್ಯಾಂಕಿನಲ್ಲಿ ನೀರಿದೆಯಾ? ಒಳಗೋಡೆಯ ಮೇಲೆ ನೀರು ಏರಿಳಿದ ಗೆರೆಗಳಿವೆಯಾ? ಒಣಗಿ ಧೂಳು ಕೂತಿದ್ದರೆ ಅದು ಬಂದವರಿಗೆ ತೋರಿಸಲು ಇಟ್ಟದ್ದು.

ನಾನು ಪಿಐಡಿ (ಮಟ್ಟ, ಪ್ರೆಶರ್ ಇಂಥದ್ದನ್ನು ಗುರಿಯಲ್ಲೇ ನಿಲ್ಲಿಸುವ ಕಂಟ್ರೋಲ್ ವಿಧಾನ) ಕಲಿತದ್ದು ಅಂಥದ್ದೇ ಒಂದು ಟ್ಯಾಂಕಿನ ಪಕ್ಕ. ಪುಸ್ತಕದಲ್ಲಿ ಸೂತ್ರ ಓದಿದಾಗ ಏನೂ ಅರ್ಥ ಆಗಿರಲಿಲ್ಲ. ನಮ್ಮ ಮೇಡಂ ಮೊದಲು ಕಂಟ್ರೋಲರ್ ಆಫ್ ಮಾಡಿಸಿ, ಕೈಯಲ್ಲಿ ವಾಲ್ವ್ ತಿರುಗಿಸಿ ಮಟ್ಟವನ್ನು ಅರ್ಧಕ್ಕೆ ನಿಲ್ಲಿಸು ಅಂದರು. ಕೆಳಗಿನ ಡ್ರೇನ್ ಸ್ವಲ್ಪ ತೆರೆದೇ ಇತ್ತು. ಹತ್ತು ನಿಮಿಷ ಬರೀ ಏರುಪೇರು. ನೀರು ಜಾಸ್ತಿ ಆಯಿತು ಅಂತ ಗಾಬರಿಯಲ್ಲಿ ಪೂರ್ತಿ ಮುಚ್ಚುತ್ತಿದ್ದೆ, ಆಮೇಲೆ ಪೂರ್ತಿ ತೆಗೆಯುತ್ತಿದ್ದೆ. ನಿಧಾನವಾಗಿ ಕೈಗೆ ಹದ ಬಂತು. ಎಷ್ಟು ದೂರ ಇದ್ದೇವೋ ಅಷ್ಟೇ ತಿರುಗಿಸಬೇಕು. ಒಂಚೂರು ಕಡಿಮೆಯಲ್ಲೇ ನಿಂತುಬಿಟ್ಟರೆ ಮೆಲ್ಲಗೆ ಇನ್ನಷ್ಟು ಕೊಡುತ್ತಾ ಹೋಗಬೇಕು. ವೇಗವಾಗಿ ಏರುತ್ತಿದ್ದರೆ ಗುರಿ ಮುಟ್ಟುವ ಮೊದಲೇ ಕೈ ಹಿಂದೆ ತೆಗೆಯಬೇಕು. ಆಗ ಮೇಡಂ, "ನೀನು ಈಗ ಮಾಡಿದ್ದೇ ಪಿ, ಐ, ಡಿ" ಅಂದರು. ಆಮೇಲೆ ಸೂತ್ರ ನೋಡಿದರೆ ನನ್ನ ಕೈ ಮಾಡಿದ್ದನ್ನೇ ಬರೆದ ಹಾಗಿತ್ತು.

ಇನ್ನೊಂದು. ಕ್ಯಾಲಿಬ್ರೇಶನ್ ಶೀಟ್ ತೋರಿಸಿ ಅಂತ ಕೇಳು. ಪಿಟಿ100 ಅನ್ನುವ ಉಷ್ಣತೆಯ ಸೆನ್ಸರ್ 0 ಡಿಗ್ರಿಯಲ್ಲಿ 100 ಓಮ್, 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 138.5 ಓಮ್. ರೆಸಿಸ್ಟೆನ್ಸ್ ಬಾಕ್ಸ್ ಇಟ್ಟು ಟ್ರಾನ್ಸ್‌ಮಿಟರ್ ಪರೀಕ್ಷೆ ಮಾಡಿದ ಶೀಟ್‌ಗಳು ವಿದ್ಯಾರ್ಥಿಗಳ ಕೈಬರಹದಲ್ಲಿ ಇರಬೇಕು. ಎಲ್ಲರ ಶೀಟ್‌ನಲ್ಲೂ ಒಂದೇ ಅಂಕಿಗಳಿದ್ದರೆ ಒಬ್ಬ ಮಾಡಿದ್ದಾನೆ, ಉಳಿದವರು ಬರೆದುಕೊಂಡಿದ್ದಾರೆ.

ಲ್ಯಾಬಿನಲ್ಲಿ ಹುಡುಗಿಯರು ಕಂಡರೆ ಅವರನ್ನೂ ಮಾತಾಡಿಸು. ಮೀಟರ್ ಅವರ ಕೈಗೆ ಬರುತ್ತದಾ, ರೆಕಾರ್ಡ್ ಬರೆಯುವ ಕೆಲಸ ಮಾತ್ರ ಬರುತ್ತದಾ ಅಂತ ಕೇಳು. ನನ್ನ ಬ್ಯಾಚ್‌ನಲ್ಲಿ ಮೊದಲ ತಿಂಗಳು ನನಗೆ ಪೆನ್ನೇ ಕೊಟ್ಟರು. ನಾನೇ ಕೇಳಿ ಮೀಟರ್ ತೆಗೆದುಕೊಂಡೆ. ಎಲ್ಲರ ಕೈಗೂ ಸರದಿ ಬರುವಂತೆ ನೋಡಿಕೊಳ್ಳುವ ಮೇಷ್ಟ್ರು ಇದ್ದರೆ ಆ ಕಾಲೇಜು ಒಳ್ಳೆಯದು.

ಹೊಸತಂತಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡೂ ಕಡೆ ಹೋಗಿ ಬಂದೆ.

ಮೊದಲನೇ ಕಾಲೇಜಿನಲ್ಲಿ ರೋಬೋಟ್ ಚೆನ್ನಾಗಿತ್ತು. ಅಲ್ಲಿಯ ಸರ್ ಒಳ್ಳೆಯವರು, ಮುಚ್ಚುಮರೆ ಇಲ್ಲದೆ ಮಾತಾಡಿದರು. ಫಾಲ್ಟ್ ಯಾರು ಹಾಕುತ್ತಾರೆ ಅಂತ ಕೇಳಿದೆ. ಸಿಮ್ಯುಲೇಶನ್‌ನಲ್ಲೇ ಹಾಕುತ್ತೇವೆ, ಸ್ಕ್ರೀನ್ ಮೇಲೆ ಕೆಂಪು ಬರುತ್ತದೆ ಅಂದರು. ನೆಟ್‌ವರ್ಕ್ ಲ್ಯಾಬ್ ಮಾತ್ರ ಗಟ್ಟಿಯಾಗಿತ್ತು. ಒಬ್ಬ ವಿದ್ಯಾರ್ಥಿ ನನ್ನ ಮುಂದೆಯೇ ಡ್ರೈವ್‌ಗೆ ಅಡ್ರೆಸ್ ಕೊಟ್ಟು ಓಡಿಸಿ ತೋರಿಸಿದ.

ಎರಡನೇ ಕಾಲೇಜಿನಲ್ಲಿ ಟ್ಯಾಂಕಿಗೆ ನೀರಿತ್ತು ಅಕ್ಕಾ. ಗೋಡೆಯ ಮೇಲೆ ಗೆರೆಗಳೂ ಇದ್ದವು, ಕೆಳಗೆ ನೆಲವೂ ಒದ್ದೆ. ಬೆಂಚಿನ ಟರ್ಮಿನಲ್ ಸ್ಕ್ರೂಗಳ ತಲೆ ಸವೆದುಹೋಗಿದ್ದವು. ಒಬ್ಬ ಹುಡುಗಿ ಡ್ರಾಯಿಂಗ್ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಫಾಲ್ಟ್ ಹುಡುಕುತ್ತಿದ್ದಳು. ಎಷ್ಟು ಹೊತ್ತಿನಿಂದ ಅಂತ ಕೇಳಿದೆ. ನಲವತ್ತು ನಿಮಿಷ ಅಂದಳು, ತಲೆ ಎತ್ತಲಿಲ್ಲ. ಲ್ಯಾಪ್‌ಟಾಪ್‌ಗಳು ಹಳೆಯವು. ನೆಟ್‌ವರ್ಕ್‌ಗೆ ಒಂದೇ ಬೆಂಚು, ಅದು ಕೊನೆಯ ಸೆಮಿಸ್ಟರ್‌ಗೆ. ಬ್ಯಾಕಪ್ ಬಗ್ಗೆ ಕೇಳಿದಾಗ ಬೇರೆ ಪಾಠ ಅಂತ ಇಲ್ಲ ಅಂದರು. ಎರಡನೇ ಕಾಲೇಜಿಗೆ ಸೇರುತ್ತಿದ್ದೇನೆ. ಸ್ಕ್ಯಾನ್‌ಟೈಮ್ ಅಣ್ಣ ಹೇಳಿದ್ದನ್ನು ನಾನೇ ಪಕ್ಕದಲ್ಲಿ ಕಲಿಯಬೇಕು, ಅದು ಗೊತ್ತಿದೆ.

ಇನ್ನೊಂದು ಕೇಳಬೇಕಿತ್ತು. ನಿನ್ನೆ ಮತ್ತೆ ಲೈನ್ ನಿಂತಿತ್ತು. ಈ ಸಲ ನಾನೂ ಲೈಟ್ ನೋಡಿದೆ. ಸೆನ್ಸರ್ ಮೇಲಿನ ಲೈಟ್ ಉರಿಯುತ್ತಿದೆ, ಇನ್‌ಪುಟ್ ಕಾರ್ಡ್ ಮೇಲಿನದು ಉರಿಯುತ್ತಿಲ್ಲ. ನಮ್ಮ ಟೆಕ್ನಿಷಿಯನ್ ಬಂದು ಸರಿ ಮಾಡಿದರು, ಆದರೆ ಆಗ ನನ್ನನ್ನು ಬೇರೆ ಕಡೆ ಕರೆದರು. ಏನಾಗಿದ್ದಿರಬಹುದು?

ಪ್ಯಾನಲ್‌ಬಾಗಿಲು:

ಭೇಷ್! ಸೆನ್ಸರ್ ನೋಡುತ್ತಿದೆ, ಪಿಎಲ್‌ಸಿಗೆ ಸುದ್ದಿ ಮುಟ್ಟುತ್ತಿಲ್ಲ. ತೊಂದರೆ ಎರಡರ ನಡುವೆ ಇದೆ ಅಂತ ನೀವೇ ಅರ್ಧ ಮೆಷಿನ್ ಬಿಟ್ಟುಹಾಕಿದಿರಿ.

ಅದು ಪಿಎನ್‌ಪಿ ಸೆನ್ಸರ್ ಆಗಿದ್ದರೆ, ಆನ್ ಆದಾಗ ಕಪ್ಪು ತಂತಿಯಲ್ಲಿ 24 ವೋಲ್ಟ್ ಬರಬೇಕು. ಕಂದು ತಂತಿ ಪ್ಲಸ್, ನೀಲಿ ತಂತಿ 0 ವೋಲ್ಟ್. ಮೀಟರ್‌ನ ಒಂದು ಪ್ರೋಬ್ 0 ವೋಲ್ಟ್ ಮೇಲೆ ಇಟ್ಟು, ಇನ್ನೊಂದನ್ನು ಕಾರ್ಡ್‌ನ ಇನ್‌ಪುಟ್ ಟರ್ಮಿನಲ್ ಮೇಲೆ ಇಡಿ. ಅಲ್ಲಿ 24 ಬರುತ್ತಿದ್ದು ಲೈಟ್ ಉರಿಯದಿದ್ದರೆ ಕಾರ್ಡ್ ನೋಡಬೇಕು, ಇಲ್ಲವೇ ಕಾರ್ಡ್‌ನ ಕಾಮನ್ ತಂತಿ ನೋಡಬೇಕು. 24 ಬರುತ್ತಿಲ್ಲ ಅಂದರೆ ಸೆನ್ಸರ್ ಕಡೆಗೆ ಒಂದೊಂದೇ ಟರ್ಮಿನಲ್ ಹಿಂದೆ ಹೋಗಿ. ಮೊದಲು ಪ್ಯಾನಲ್‌ನ ಟರ್ಮಿನಲ್ ಸ್ಟ್ರಿಪ್, ಆಮೇಲೆ ಜಂಕ್ಷನ್ ಬಾಕ್ಸ್, ಕೊನೆಗೆ ಸೆನ್ಸರ್‌ನ ಪ್ಲಗ್. ಎಲ್ಲಿ 24 ಮತ್ತೆ ಸಿಗುತ್ತದೋ, ಅದಕ್ಕೂ ಅದಕ್ಕಿಂತ ಮೊದಲು ಅಳೆದ ಜಾಗಕ್ಕೂ ನಡುವೆ ಫಾಲ್ಟ್ ಇದೆ. ಅಲ್ಲಾಡುವ ಕನ್ವೇಯರ್ ಪಕ್ಕ ಇರುವ ಪ್ಲಗ್‌ನಲ್ಲೇ ಇದು ಜಾಸ್ತಿ ಸಿಗುತ್ತದೆ.

ಪ್ಯಾನಲ್ ತೆಗೆದು ಅಳೆಯಲು ಪ್ಲಾಂಟ್‌ನಲ್ಲಿ ನಿಮಗೆ ಅನುಮತಿ ಇಲ್ಲದಿದ್ದರೆ ನೀವಾಗಿ ಮಾಡಬೇಡಿ. ನಾಳೆ ಆ ಟೆಕ್ನಿಷಿಯನ್ ಹತ್ತಿರ ಡ್ರಾಯಿಂಗ್ ತೆಗೆದುಕೊಂಡು ಹೋಗಿ, ನಿನ್ನೆ ಯಾವ ಟರ್ಮಿನಲ್‌ನಲ್ಲಿ ಸಿಕ್ಕಿತು ಅಂತ ಕೇಳಿ. ಆ ನಂಬರಿನ ಪಕ್ಕ ಪೆನ್ಸಿಲ್‌ನಲ್ಲಿ ತಾರೀಖು ಬರೆದಿಡಿ.